ಹತ್ತೊಂಬತ್ತು ಸೆಕೆಂಡಿನ ಹೆಂಗಸು

ಟೈಲರಕ್ಕನ ಮುಖ ಊರಿಗೆಲ್ಲ ಗೊತ್ತಾದದ್ದು ಮಂಗಳವಾರ ಸಂಜೆ. ಅವಳಿಗೆ ಆ ಸುದ್ದಿ ಮುಟ್ಟಿದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಬಾಯಲ್ಲಿ ಐದು ಗುಂಡುಪಿನ್ನು ಕಚ್ಚಿಕೊಂಡು, ನೆಲದ ಮೇಲೆ ಕೂತು, ಔಷಧದಂಗಡಿಯ ಹುಡುಗಿಯ ಪ್ಯಾಂಟಿನ ಅಂಚು ಮಡಿಸುತ್ತಿದ್ದಾಗ. ಇಪ್ಪತ್ತೆರಡು ವರ್ಷ ಒಂದೇ ಬೀದಿಯಲ್ಲಿ ಹೊಲಿಗೆ ಹಾಕಿದವಳ ಮುಖವನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಬಂದವರು ಅವಳ ಟೇಪು ನೋಡುತ್ತಾರೆ, ಕನ್ನಡಿ ನೋಡುತ್ತಾರೆ, ಕನ್ನಡಿಯಲ್ಲಿ ತಮ್ಮ ಹೊಟ್ಟೆ ನೋಡಿಕೊಂಡು ‘ಸ್ವಲ್ಪ ಸಡಿಲ ಇರಲಿ ಅಕ್ಕ’ ಎನ್ನುತ್ತಾರೆ. ಆವತ್ತು ಮಾತ್ರ ಹಾಲಿನಂಗಡಿಯವನು, ಪೋಸ್ಟಿನವನು, ಮೇಲಿನ ಮನೆಯ ಲೆಕ್ಕದ ಟೀಚರು, ಒಬ್ಬೊಬ್ಬರೂ ಅವಳ ಮುಖವನ್ನೇ ನೋಡಿ, ಆಮೇಲೆ ಬೇರೆಲ್ಲೋ ನೋಡಿ, ತುಟಿಯನ್ನು ಒಳಗೆ ಎಳೆದುಕೊಂಡಿದ್ದರು. ಮೂಗಿನ ಮೇಲೆ ಸೀಮೆಸುಣ್ಣ ಮೆತ್ತಿದೆಯೇನೋ ಎಂದು ಅವಳು ಎರಡು ಸಲ ಸೆರಗಿನಿಂದ ಒರೆಸಿಕೊಂಡಿದ್ದಳು.

“ಅಕ್ಕಾ, ಕೋಪ ಮಾಡ್ಕೋಬೇಡಿ,” ಎಂದಳು ಹುಡುಗಿ ಮೇಲಿನಿಂದ. “ಒಂದೇ ಒಂದು ಸಲ ಅಂದು ತೋರಿಸ್ತೀರಾ?”

“ಮ್?” ಎಂದಳು ಟೈಲರಕ್ಕ, ಪಿನ್ನುಗಳ ಸಂದಿಯಿಂದ.

“ಅದೇ, ‘ಇನ್ನೊಂದು!’ ಅಂತ. ನಮ್ಮಂಗಡೀಲಿ ಬೆಳಿಗ್ಗೆಯಿಂದ ಎಲ್ರೂ ಅಂದು ನೋಡ್ತಿದ್ದೀವಿ. ಯಾರಿಗೂ ನಿಮ್ಮ ಥರ ಬರ್ತಿಲ್ಲ.”

ಹುಡುಗಿ ಫೋನನ್ನು ಕೆಳಗೆ ಹಿಡಿದಳು. ಟೈಲರಕ್ಕ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿ, ಕನ್ನಡಕ ಏರಿಸಿಕೊಂಡು ನೋಡಿದಳು. ಎದುರು ಕಟ್ಟಡದ ಮಹಡಿಯಿಂದ ಯಾರೋ ತೆಗೆದ ವಿಡಿಯೋ. ಹಿಂದಿನ ದಿನ ಅವಳ ಅಂಗಡಿಯ ಮುಂದೆಯೇ ನಡೆದ ಜಗಳ: ಡ್ರೈವಿಂಗ್ ಸ್ಕೂಲಿನ ಕಾರು ಹಿಂದಕ್ಕೆ ಬಂದು, ಫುಟ್‌ಪಾತಿನ ಮೇಲೆ ಬೀಗದ ಕೈ ಮಾಡುವವನು ಇಟ್ಟುಕೊಂಡಿದ್ದ ಮೇಜಿಗೆ ಗುದ್ದಿ, ನೂರಾರು ಕೀಲಿಗಳು ರಸ್ತೆಯ ತುಂಬ ಚೆಲ್ಲಿದ್ದವು. ವಿಡಿಯೋದಲ್ಲಿ ಅದೆಲ್ಲ ಇರಲಿಲ್ಲ. ಅದು ಶುರುವಾಗುವ ಹೊತ್ತಿಗೆ ಬೀಗದವನು ಡ್ರೈವಿಂಗ್ ಮೇಷ್ಟ್ರ ಕಾಲರ್ ಹಿಡಿದಾಗಿತ್ತು. ನಾಲ್ಕನೇ ಸೆಕೆಂಡಿಗೆ ಮೊದಲ ಏಟು. ಆಮೇಲೆ ಬೀಗದವನ ಕೈ ಕೆಳಗಿಳಿಯಿತು. ಅವನು ತನ್ನ ಮುಷ್ಟಿಯನ್ನೇ, ಯಾರದೋ ಸಾಮಾನು ತನ್ನ ಕೈಗೆ ಬಂದುಬಿಟ್ಟಿದೆ ಎನ್ನುವ ಹಾಗೆ ನೋಡಿಕೊಂಡ. ಅವರಿಬ್ಬರ ಹಿಂದೆ, ಬಾಗಿಲಲ್ಲಿ, ಕೊರಳಿಗೆ ಹಳದಿ ಟೇಪು ಹಾಕಿಕೊಂಡು, ಕೈಯಲ್ಲಿ ಕತ್ತರಿ ಹಿಡಿದ ಒಬ್ಬ ಹೆಂಗಸು ತುದಿಗಾಲಲ್ಲಿ ನಿಂತಿದ್ದಳು. ಅವಳ ಕಣ್ಣು ಅಗಲವಾಯಿತು, ಬಾಯಿ ತೆರೆಯಿತು. “ಇನ್ನೊಂದು!” ಮರುಕ್ಷಣವೇ ಎರಡನೇ ಏಟು. ಮೇಷ್ಟ್ರು ಕುಸಿದರು. ಅಲ್ಲಿಂದ ಮುಂದಕ್ಕೆ ಯಾರೋ ಪುಣ್ಯಾತ್ಮರು ಮೇಷ್ಟ್ರನ್ನು ಬಿಟ್ಟು ಹೆಂಗಸಿನ ಮುಖವನ್ನೇ ದೊಡ್ಡದು ಮಾಡಿ, ನಿಧಾನ ಮಾಡಿ, ಅದಕ್ಕೊಂದು ಡೋಲಿನ ಸದ್ದು ಸೇರಿಸಿದ್ದರು. ಹಸಿದವಳ ಮುಂದೆ ತಟ್ಟೆ ಇಟ್ಟಾಗ ಅರಳುವಂಥ ಮುಖ. ಹತ್ತೊಂಬತ್ತು ಸೆಕೆಂಡು.

“ಇದು ನಾನಲ್ಲ,” ಎಂದಳು ಟೈಲರಕ್ಕ. ಹೇಳುತ್ತಿದ್ದ ಹಾಗೇ ಕೊರಳಿನ ಟೇಪನ್ನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಹುಡುಗಿ ಪ್ಯಾಂಟು ಬದಲಿಸಿ ಕೊಟ್ಟು ಹೋದಮೇಲೆ ಅವಳು ಒಂದೇ ಕಾಲಿನ ಅಂಚನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದಳು. ಆ ಮಾತು ಆಡಿದ ನೆನಪೇ ಅವಳಿಗಿರಲಿಲ್ಲ. ನೆನಪಿದ್ದದ್ದು ಬೇರೆ: ಮೇಷ್ಟ್ರ ಅಂಗಿಯ ಕಾಲರ್. ಅದು ಅವಳೇ ಹೊಲಿದದ್ದು, ಒಳಗೆ ದಪ್ಪ ಬಟ್ಟೆ ಕೊಟ್ಟು, ಎರಡು ಸಾಲು ಹೊಲಿಗೆ ಹಾಕಿ. ಆರಡಿ ಆಳು ಹಿಡಿದೆತ್ತಿದರೂ ಒಂದು ನೂಲು ಬಿಡದಿದ್ದುದನ್ನು ಕಂಡು ಅವಳಿಗೆ ಆ ಗಳಿಗೆಯಲ್ಲಿ ಎಂಥದೋ ಹೆಮ್ಮೆಯಾಗಿತ್ತು. ಈಗ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಕೂತಾಗ ಇನ್ನೊಂದು ಯೋಚನೆ ಬಂತು: ಯಾರಾದರೂ ಕಳ್ಳಗೆಲಸದ ಟೈಲರು ಹೊಲಿದಿದ್ದರೆ ಕಾಲರ್ ಕಿತ್ತು ಬೀಗದವನ ಕೈಗೆ ಬರುತ್ತಿತ್ತು, ಮೇಷ್ಟ್ರು ತಪ್ಪಿಸಿಕೊಂಡು ಓಡುತ್ತಿದ್ದರು. ಒಳ್ಳೆಯ ಕೆಲಸಕ್ಕೆ ಇಂಥ ಫಲವೂ ಉಂಟೇ! ಈ ಯೋಚನೆಗೆ ನಗು ಬಂತು, ನಕ್ಕದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದನ್ನು ಯಾರಾದರೂ ಎದುರು ಮಹಡಿಯಿಂದ ತೆಗೆಯುತ್ತಿರಬಹುದೆಂದು ತಲೆಯೆತ್ತಿ ನೋಡಿದಳು. ಹೊರಗೆ ಬೀಗದವನು ತಲೆ ತಗ್ಗಿಸಿ ಕೀಲಿ ಉಜ್ಜುತ್ತಿದ್ದ. ಇಷ್ಟು ವರ್ಷದಲ್ಲಿ ಅವಳನ್ನು ಮಾತಾಡಿಸಿದವನಲ್ಲ. ಆವತ್ತು ನಾಲ್ಕು ಗಂಟೆಗೆ ಚಹಾದವನ ಕೈಯಲ್ಲಿ ಅವಳಿಗೊಂದು ಲೋಟ ಚಹಾ ಕಳಿಸಿದ. ಒಂದೇ ಕೆಲಸದಲ್ಲಿ ಕೈ ಸೇರಿಸಿದವರು ಒಬ್ಬರಿಗೊಬ್ಬರು ಕಳಿಸುವಂಥ ಚಹಾ. ಕುಡಿಯಬಾರದು ಅಂದುಕೊಂಡಳು. ಆರುತ್ತದಲ್ಲ ಎಂದು ಕುಡಿದಳು.

ಬೀದಿಯಲ್ಲಿ ಅವಳಿಗಿದ್ದ ಹೆಸರು ಬೇರೆ ಥರದ್ದು. ಜಿರಲೆಯನ್ನು ಕಾಗದದ ಮೇಲೆ ಹತ್ತಿಸಿಕೊಂಡು ಚರಂಡಿಯವರೆಗೆ ಕಳಿಸಿ ಬರುವವಳು. ಮಕ್ಕಳ ಯೂನಿಫಾರಮ್ಮಿನ ಅಳತೆ ತೆಗೆಯುವಾಗ ಟೇಪು ತಣ್ಣಗಿದೆಯೆಂದು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುವವಳು. ಆದರೆ ಮಧ್ಯಾಹ್ನ ಊಟವಾದ ಮೇಲೆ ಶಟರು ಅರ್ಧ ಎಳೆದು, ಇಸ್ತ್ರಿ ಮೇಜಿಗೆ ಒರಗಿ ಅವಳು ಫೋನಿನಲ್ಲಿ ಏನು ನೋಡುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ, ಕನಿಷ್ಠ ಶುರುವಿನಲ್ಲಿ. ಹೊಸ ನಮೂನೆಯ ಕಾಲರ್ ಹೇಗೆ ಕತ್ತರಿಸುವುದೆಂದು ಹುಡುಕಿದ್ದಳು. ಫೋನು ಒಂದು ಕಾಲರ್ ಹೊಲಿದು ತೋರಿಸಿತು, ಎರಡು ತೋರಿಸಿತು, ಮೂರನೆಯದಕ್ಕೆ ಯಾವುದೋ ದೇಶದ ಬಸ್ಸಿನಲ್ಲಿ ಇಬ್ಬರು ದೊಡ್ಡ ಮನುಷ್ಯರು ಒಬ್ಬರ ಕಾಲರ್ ಒಬ್ಬರು ಹಿಡಿದುಕೊಂಡದ್ದನ್ನು ತೋರಿಸಿತು. ಹೊಲಿಗೆಯವಳ ಕಣ್ಣಿಂದ ನೋಡಿದಳು: ಮೊದಲು ಬಿಡುವುದು ಕಂಕುಳ ಹೊಲಿಗೆ, ಆಮೇಲೆ ಮೇಲಿನ ಗುಂಡಿ, ಕಡೆಗೆ ಜೇಬು. ಇದು ಕಲಿಕೆ ಎಂದುಕೊಂಡಳು. ಒಂದು ವಾರದಲ್ಲಿ ಬನಿಯನ್ನು ಕೂಡ ಇಲ್ಲದವರು ಹೊಡೆದಾಡುವುದನ್ನು ನೋಡತೊಡಗಿದಳು, ಅಲ್ಲಿ ಕಲಿಯಲು ಹೊಲಿಗೆಯೇ ಇರಲಿಲ್ಲ. ಸಭೆಯಲ್ಲಿ ಕುರ್ಚಿ ಎಸೆಯುವ ಮಂತ್ರಿಗಳು, ಮದುವೆ ಮನೆಯಲ್ಲಿ ಬೀಗರಿಗೆ ಬೀಗರು, ಬಾಡಿಗೆ ಕೇಳಲು ಬಂದವನ ಮೇಲೆ ಹೂಕುಂಡ ಎತ್ತಿದ ಅಜ್ಜಿ. ತನಗೆ ತಾನೇ ನೇಮ ಹಾಕಿಕೊಂಡಿದ್ದಳು: ರಕ್ತ ಕಂಡರೆ ನಿಲ್ಲಿಸುವುದು, ಮಕ್ಕಳಿದ್ದರೆ ನೋಡದಿರುವುದು, ಹೆಂಗಸರು ಜುಟ್ಟು ಹಿಡಿದದ್ದಾದರೆ ಪೂರ್ತಿ ನೋಡದಿರುವುದು. ಮೂರನೇ ನೇಮ ಒಂದು ದಿನವೂ ನಡೆಯಲಿಲ್ಲ. ಎರಡೂವರೆಗೆ ಶಟರು ಎತ್ತಿದಾಗ ಮೈಯೆಲ್ಲ ಹಗುರಾಗಿ, ಯಾರು ಎಷ್ಟು ಸತಾಯಿಸಿದರೂ ಸಿಟ್ಟು ಬರದಷ್ಟು ಸಮಾಧಾನವಾಗಿ ಇರುತ್ತಿದ್ದಳು. ‘ನಿಮ್ಮ ತಾಳ್ಮೆ ಎಲ್ಲಿಂದ ಬಂತು ಅಕ್ಕ?’ ಎಂದು ಜನ ಕೇಳುತ್ತಿದ್ದರು.

ಮನೆಯಲ್ಲಿ ಗಂಡ. ವಾಚನಾಲಯದಲ್ಲಿ ಪುಸ್ತಕ ಕೊಡುವ ಕೆಲಸ; ಸಿನಿಮಾದಲ್ಲಿ ಚಾಕು ಹೊರಬಂತೆಂದರೆ ಕಣ್ಣು ಮುಚ್ಚಿ ‘ಆಯ್ತಾ? ಆಯ್ತಾ?’ ಎಂದು ಅವಳ ಮೊಣಕೈ ತಿವಿಯುವವನು. ಬುಧವಾರ ಸಂಜೆ ಅವನು ಅವಳಿಗಿಂತ ಮೊದಲೇ ಬಂದು ತರಕಾರಿ ಹೆಚ್ಚುತ್ತ ಕೂತಿದ್ದ. ಅದೇ ಒಂದು ಕೆಟ್ಟ ಸೂಚನೆ.

“ನೋಡು, ಯಾರೇನಂದ್ರೂ ತಲೆ ಕೆಡಿಸ್ಕೋಬೇಡ,” ಎಂದ. “ನಾನಂತೂ ಇಂಥದ್ದೆಲ್ಲ ನೋಡೋದೇ ಇಲ್ಲ. ಕೆಲಸದಲ್ಲಿ ತೋರಿಸೋಕೆ ಬಂದ್ರು, ಬೇಡ ಅಂದೆ.”

“ಒಳ್ಳೇದಾಯ್ತು ಬಿಡಿ.”

“ಆದ್ರೂ ಕತ್ತರಿ ಕೆಳಗಿಟ್ಟು ಹೋಗಬೇಕಿತ್ತು ಕಣೇ. ಎರಡನೇದು ಬೀಳೋವಾಗ ನೀನು ಅದನ್ನ ಕಚಕ್ ಅಂತ ಆಡಿಸ್ತೀಯಲ್ಲ, ಅದು ಚೆನ್ನಾಗಿ ಕಾಣಲ್ಲ.”

ಕತ್ತರಿ ಆಡಿಸಿದ್ದನ್ನು ಅವಳೇ ಗಮನಿಸಿರಲಿಲ್ಲ. “ನೋಡಿಲ್ಲ ಅಂದ್ರಿ?”

ಗಂಡ ಒಂದು ಸೌತೆಕಾಯಿಯನ್ನು ಬಹಳ ಶ್ರದ್ಧೆಯಿಂದ, ಇಡೀ ಸಂಸಾರದ ಭವಿಷ್ಯ ಅದರ ಮೇಲೆ ನಿಂತಿರುವಂತೆ ಹೆಚ್ಚಿದ. “ಎಷ್ಟು ಸಲ?” ಎಂದಳು. “ಐದಾರು,” ಎಂದ. ಇನ್ನೆರಡು ಬಿಲ್ಲೆ ಹೆಚ್ಚಿ, “ಹತ್ತು ಹದಿನೈದು ಇರಬಹುದು. ಅವನು ಬೀಳೋ ರೀತಿ ಒಂಥರಾ ಇದೆ,” ಎಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಇಪ್ಪತ್ತಾರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯನೂ ತನ್ನ ಹಾಗೆಯೇ ಎಂದು ತಿಳಿದು ಅವಳಿಗೆ ಸಮಾಧಾನವಾಗಬೇಕಿತ್ತು. ಆದರೆ ಅದುವರೆಗೆ ಅವನ ಮೆತ್ತಗಿನ ಸ್ವಭಾವವನ್ನೇ ತನ್ನ ಪಾಲಿನ ಒಳ್ಳೆಯತನವೆಂದು ಲೆಕ್ಕಕ್ಕೆ ಹಿಡಿದಿದ್ದಳೋ ಏನೋ, ಕೈಯಲ್ಲಿದ್ದದ್ದೂ ಜಾರಿದಂತಾಯಿತು.

ಗುರುವಾರ ಅಣ್ಣ ಫೋನು ಮಾಡಿದ. ಬೇರೆ ಊರಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ, ತಿಂಗಳಿಗೊಮ್ಮೆ ಮಾತಾಡುವವನು. ಶುರುವಿಗೇ ನಗು. “ಏನೇ, ಹೆಸರು ಮಾಡಿಬಿಟ್ಟೆ!” ಎಂದ. ಅವಳೂ ನಕ್ಕಳು, ಅಣ್ಣನ ಮುಂದೆ ಏನು ಮುಚ್ಚುಮರೆ ಎಂದು. ಬೀಗದವನ ಬಗ್ಗೆ, ಕಾರಿನ ಬಗ್ಗೆ ಕೇಳಿದ, ಮೇಷ್ಟ್ರಿಗೆ ಹಲ್ಲು ಹೋಯಿತೇ ಎಂದು ವಿಚಾರಿಸಿದ. ಆಮೇಲೆ ಗಡಿಯಾರದ ಸಣ್ಣ ಸ್ಕ್ರೂ ಹುಡುಕುವವನ ಹಾಗೆ ದನಿ ತಗ್ಗಿಸಿ, “ಆ ಮುಖ ನನಗೆ ಹೊಸದಲ್ಲ ಕಣೇ,” ಎಂದ. “ಅಪ್ಪ ನನಗೆ ಹೊಡೆಯೋವಾಗ ನೀನು ಬಾಗಿಲ ಪರದೆ ಹಿಡ್ಕೊಂಡು ನಿಂತಿರ್ತಿದ್ದೆ. ಇದೇ ಮುಖ. ಏಟು ಬೀಳೋವಾಗ ನಾನು ಅಪ್ಪನ್ನ ನೋಡ್ತಿರಲಿಲ್ಲ, ನಿನ್ನ ನೋಡ್ತಿದ್ದೆ.”

ಅಣ್ಣ ಬೇಸರದಿಂದ ಹೇಳಿರಲಿಲ್ಲ. ಹಳೆಯ ಫೋಟೋದಲ್ಲಿ ಯಾರು ಎಲ್ಲಿ ನಿಂತಿದ್ದಾರೆಂದು ಗುರುತಿಸುವವನಂತೆ ಹೇಳಿ, ಹೆಂಡತಿ ಊಟಕ್ಕೆ ಕರೆಯುತ್ತಿದ್ದಾಳೆಂದು ಇಟ್ಟುಬಿಟ್ಟ. ಅವಳು ಕಿವಿಯಿಂದ ಫೋನು ತೆಗೆಯದೆ ನಿಂತಿದ್ದಳು. ಪರದೆಯ ಬಟ್ಟೆ ನೆನಪಾಯಿತು: ದಪ್ಪನೆಯದು, ನೀಲಿ, ಅಂಚಿಗೆ ಕೈಹೊಲಿಗೆ. ಒಂದು ಸಲ ಮಸಿ ಕುಡಿಕೆ ಒಡೆದದ್ದು ಅಣ್ಣ ಎಂದು ಅಪ್ಪನಿಗೆ ಹೇಳಿದವಳು ಅವಳು. ಒಡೆದದ್ದು ಅಣ್ಣನೇ, ಸುಳ್ಳೇನಲ್ಲ. ಆದರೆ ಅಪ್ಪ ಕೇಳಿರಲಿಲ್ಲ. ಅವಳಾಗಿಯೇ ಹೋಗಿ, ಅಪ್ಪ ಮುಖ ತೊಳೆದು ಟವೆಲು ಹುಡುಕುತ್ತಿದ್ದಾಗ ಟವೆಲಿನ ಜೊತೆ ಆ ಸುದ್ದಿಯನ್ನೂ ಕೊಟ್ಟು, ಓಡಿಬಂದು ಪರದೆಯ ಹಿಂದೆ ಜಾಗ ಹಿಡಿದಿದ್ದಳು. ಆ ಓಟದಲ್ಲಿ ಎದೆ ಹೊಡೆದುಕೊಂಡದ್ದು ಹೆದರಿಕೆಯಿಂದ ಎಂದು ಇಷ್ಟು ದಿನ ನಂಬಿದ್ದಳು.

ಶುಕ್ರವಾರ ಮಧ್ಯಾಹ್ನ ಶಟರು ಅರ್ಧ ಎಳೆದು ಕೂತಳು. ಇನ್ನು ಮೇಲೆ ಇಂಥದ್ದೇನನ್ನೂ ನೋಡುವುದಿಲ್ಲ ಎಂದು ಬೆಳಿಗ್ಗೆಯೇ ತೀರ್ಮಾನಿಸಿಯಾಗಿತ್ತು. ಹಾಗಾಗಿ ತನ್ನದನ್ನು ಮಾತ್ರ ನೋಡಿದಳು. ಎರಡು ಲಕ್ಷ ಜನ ನೋಡಿದ್ದರು. ಕೆಳಗೆ ಬರೆದದ್ದನ್ನು ಬೆರಳಿಟ್ಟು ಓದಿದಳು: ‘ನಮ್ಮ ಅತ್ತೆಯೂ ಹೀಗೇ.’ ‘ಈ ಅಮ್ಮನನ್ನು ನಮ್ಮ ಆಫೀಸಿಗೆ ಮ್ಯಾನೇಜರ್ ಮಾಡಿ.’ ‘ಕತ್ತರಿ ಹಿಡಿದವಳೇ ಇನ್ನೊಂದು ಅಂದರೆ ಬಡಪಾಯಿ ಹೊಡೆಯದೆ ಏನು ಮಾಡಿಯಾನು?’ ಇದಕ್ಕೆ ಸಾವಿರಾರು ಜನ ಮೆಚ್ಚುಗೆ ಒತ್ತಿದ್ದರು. ಆ ಎರಡು ಲಕ್ಷದಲ್ಲಿ ಒಬ್ಬರೂ ಕಾಲರಿನ ಹೊಲಿಗೆಯ ಬಗ್ಗೆ ಒಂದು ಮಾತು ಬರೆದಿರಲಿಲ್ಲ.

“ಅಕ್ಕ, ಇದೀರಾ?”

ಶಟರಿನ ಕೆಳಗೆ ಎರಡು ಪಾಲಿಶ್ ಮಾಡಿದ ಬೂಟು. ಅವಳು ಫೋನನ್ನು ಬಟ್ಟೆ ಚೂರುಗಳ ಬುಟ್ಟಿಗೆ ಎಸೆದು ಎದ್ದಳು. ಬೆನ್ನು ಬಗ್ಗಿಸಿ ಒಳಗೆ ಬಂದವರು ಡ್ರೈವಿಂಗ್ ಮೇಷ್ಟ್ರು. ಎಡಗೆನ್ನೆ ಊದಿ ಕಣ್ಣಿನ ಕೆಳಗೆ ನೀಲಿ ಇಳಿದಿತ್ತು. ಕೈಚೀಲದಿಂದ ಅಂಗಿ ತೆಗೆದು ಮೇಜಿನ ಮೇಲೆ ಹಾಸಿದರು. ಒಗೆದು ಮಡಿಸಿ ತಂದಿದ್ದರು. ಬಲಗಡೆ ಕಂಕುಳ ಹೊಲಿಗೆ ಒಂದು ಗೇಣು ಬಿಟ್ಟಿತ್ತು.

“ಇದೊಂದು ಸ್ವಲ್ಪ ಸರಿ ಮಾಡಿಕೊಡ್ತೀರಾ? ಹೊಸದು ಕೊಳ್ಳಿ ಅಂತಾಳೆ ನಮ್ಮನೆಯವಳು. ನನಗ್ಯಾಕೋ ಇದೇ ಬೇಕು ಅನಿಸ್ತು.”

ಅವರ ದನಿಯಲ್ಲಿ ಕುಹಕವಿದೆಯೇ ಎಂದು ಟೈಲರಕ್ಕ ಕಿವಿಗೊಟ್ಟಳು; ಇರಲಿಲ್ಲ. ಇನ್ನೂ ವಿಡಿಯೋ ನೋಡಿರಲಿಕ್ಕಿಲ್ಲ. ಟೇಪು ಎಳೆದುಕೊಂಡು, “ತೋಳು ಎತ್ತಿ ಮೇಷ್ಟ್ರೇ, ಇಲ್ಲೊಂದು ತುಂಡು ಕೊಡಬೇಕು, ಎಷ್ಟು ಬೇಕು ನೋಡ್ತೀನಿ,” ಎನ್ನುತ್ತ ಭುಜದ ಕಡೆಗೆ ಕೈ ಚಾಚಿದಳು. ಮೇಷ್ಟ್ರು ಸರಕ್ಕನೆ ಹಿಂದೆ ಸರಿದು, ಎರಡು ಮೊಣಕೈಗಳನ್ನೂ ಮುಖಕ್ಕೆ ಅಡ್ಡ ಹಿಡಿದರು. ಹಿಂದಿದ್ದ ಇಸ್ತ್ರಿ ಮೇಜು ಅಲುಗಿತು. ಅವಳ ಕೈ ಗಾಳಿಯಲ್ಲೇ ನಿಂತಿತು. ಹೊಡೆತ ತಿಂದವರ ಮುಖವನ್ನು ಅವಳು ಸಾವಿರ ಸಲ ನೋಡಿದ್ದಳು. ತನ್ನ ಕೈಗೆ ಹೆದರಿದ ಮುಖವನ್ನು ಇದೇ ಮೊದಲು ನೋಡಿದ್ದು. ಅದಕ್ಕೆ ಡೋಲಿನ ಸದ್ದೇನೂ ಇರಲಿಲ್ಲ. ಮೇಷ್ಟ್ರ ಮೂಗಿನಿಂದ ಉಸಿರು ಸುಯ್ ಎನ್ನುವುದೊಂದೇ ಕೇಳುತ್ತಿತ್ತು.

“ಕ್ಷಮಿಸಿ,” ಎಂದರು ಅವರು, ಮೊಣಕೈ ಇಳಿಸಿ, ನಗಲು ನೋಡಿ. “ಇದೊಂದು ಹೊಸ ಅಭ್ಯಾಸ. ಮನೆಯಲ್ಲಿ ದುಪ್ಪಟಿ ಕೊಡವಿದ್ರೂ ಹೀಗೇ ಮಾಡ್ತೀನಿ.”

“ಕೂತ್ಕೊಳ್ಳಿ,” ಎಂದಳು. ಅಳತೆ ಕಣ್ಣಲ್ಲೇ ಸಾಕೆನಿಸಿತು. ಸೂಜಿಗೆ ನೂಲು ಹಾಕಲು ಹೋದಳು, ನೂಲು ಹೋಗಲಿಲ್ಲ.

ಮೇಷ್ಟ್ರು ಮೇಜಿನ ಮೇಲಿದ್ದ ಗುಂಡಿಗಳನ್ನು ಬೆರಳಿನಿಂದ ಸಾಲಾಗಿ ಜೋಡಿಸುತ್ತಿದ್ದರು. “ಒಂದು ಕೇಳ್ಲಾ ಅಕ್ಕ? ನೀವು ಬಾಗಿಲಲ್ಲೇ ಇದ್ರಿ, ಅದಕ್ಕೆ. ನಾನು ಅವನಿಗೆ ಒಂದಾದ್ರೂ ಹೊಡೆದ್ನಾ? ನನಗೆ ನೆನಪೇ ಇಲ್ಲ. ಮನೆಯಲ್ಲಿ ನಾನೂ ಬಿಟ್ಟೆ ಅಂತ ಹೇಳಿಬಿಟ್ಟಿದ್ದೀನಿ. ವಿಡಿಯೋ ಇದೆಯಂತೆ, ನೋಡೋಕೆ ಧೈರ್ಯ ಬರಲಿಲ್ಲ. ಮೂರು ದಿನ ಆಯ್ತು ಫೋನು ಆಫ್ ಮಾಡಿ ಬೀರುನಲ್ಲಿ ಇಟ್ಟಿದ್ದೆ, ಇವತ್ತು ಜೇಬಿಗೆ ಹಾಕ್ಕೊಂಡೆ, ಇನ್ನೂ ಆನ್ ಮಾಡಿಲ್ಲ.”

ಅವಳು ಸೂಜಿ ಕೆಳಗಿಟ್ಟಳು. ಹೊಡೆದಿರಿ ಎಂದು ಹೇಳಿಬಿಡಬಹುದಿತ್ತು. ಆದರೆ ಬಾಯಿ ಅದಾಗಲೇ ನಿಜವನ್ನು ಹಿಡಿದಾಗಿತ್ತು. “ಇಲ್ಲ, ನೀವು ಕೈ ಎತ್ತಲಿಲ್ಲ. ಆದ್ರೆ ವಿಡಿಯೋದಲ್ಲಿ ಇರೋದು ಅರ್ಧ. ಕಾರು ಗುದ್ದಿದಾಗ ಸ್ಟಿಯರಿಂಗ್ ಹಿಡಿದಿದ್ದು ನಿಮ್ಮ ಹತ್ರ ಕಲಿಯೋ ನರ್ಸಮ್ಮ ಅಲ್ವಾ? ಬೀಗದವನು ಓಡಿಬಂದಿದ್ದು ಆಯಮ್ಮನ ಕಡೆ ಬಾಗಿಲಿಗೆ. ಹ್ಯಾಂಡಲ್ ಹಿಡಿದು ಹೀಗೆ ಜಗ್ಗಿದ.” ಅವಳು ಎದ್ದು ಮೆಷಿನ್ನಿನ ಡ್ರಾಯರು ಜಗ್ಗಿ ತೋರಿಸಿದಳು. “ನೀವು ಆ ಕಡೆಯಿಂದ ಇಳಿದು, ಕಾರಿನ ಮುಂದೆ ಸುತ್ತಿ ಬಂದು, ಅವನಿಗೂ ಬಾಗಿಲಿಗೂ ನಡುವೆ ನಿಂತ್ರಿ. ‘ತಪ್ಪು ನಂದು, ಬ್ರೇಕು ನನ್ನ ಕಾಲ ಕೆಳಗೂ ಇತ್ತು’ ಅಂದ್ರಿ. ಕನ್ನಡಕ ತೆಗೆದು ಜೇಬಿಗೆ ಹಾಕ್ಕೊಂಡ್ರಿ. ಏಟು ಬೀಳುತ್ತೆ ಅಂತ ನಿಮಗೆ ಗೊತ್ತಿತ್ತು ಮೇಷ್ಟ್ರೇ, ಅದಕ್ಕೇ ತೆಗೆದ್ರಿ. ಆಗ ಅವನು ಕಾಲರ್ ಹಿಡಿದ.” ಅವಳ ಒಂದು ಕೈ ಬೀಗದವನಾಗಿತ್ತು, ಇನ್ನೊಂದು ಮೇಷ್ಟ್ರಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಯಾವಾಗಲೋ ತಿಳಿಯದು. “ಒಂದು ಬಿತ್ತು. ನೀವು ಅಲುಗಲಿಲ್ಲ. ಅವನಿಗೇ ಹೆದರಿಕೆಯಾಯ್ತು. ಕೈ ಇಳಿಸಿದ.”

ಮೇಷ್ಟ್ರು ಬೆಂಚಿನ ತುದಿಗೆ ಬಂದು ಕೂತಿದ್ದರು. ಊದಿದ ಕೆನ್ನೆಯ ಮೇಲೆ ಕಣ್ಣು ಹೊಳೆಯುತ್ತಿತ್ತು. “ಆಮೇಲೆ?” ಎಂದರು.

ಆ ಹೊಳಪು ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಮೈಮೇಲೆ ನೀರು ಬಿದ್ದವಳಂತೆ ನಿಂತುಬಿಟ್ಟಳು. “ಆಮೇಲೆ ನಾನು ‘ಇನ್ನೊಂದು’ ಅಂತ ಕೂಗಿದೆ. ಅವನು ಹೊಡೆದ.”

ಹೊರಗೆ ಅರದಿಂದ ಕೀಲಿ ಉಜ್ಜುವ ಸದ್ದು ನಿಂತು ಮತ್ತೆ ಶುರುವಾಯಿತು. ಬೈದರೆ ಕೇಳಿಸಿಕೊಳ್ಳಲು ಅವಳು ಸಿದ್ಧಳಾಗಿದ್ದಳು. ಅಂಗಿಯನ್ನು ಕಿತ್ತುಕೊಂಡು ಹೋದರೂ ಸರಿ.

“ಅದು ನೀವಾ?” ಎಂದರು ಮೇಷ್ಟ್ರು. ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. “ಯಾರೋ ಹೆಂಗಸಿನ ದನಿ ಹಿಂದಿನಿಂದ ಬಂತು. ನಾನು ನರ್ಸಮ್ಮ ಅಂದುಕೊಂಡೆ! ನಾನು ಅವಳಿಗೋಸ್ಕರ ನಿಂತಿದ್ರೆ ಅವಳೇ ಹೀಗೆ ಕೂಗ್ತಾಳಲ್ಲ ಅಂತ… ಎದ್ದ ಕೂಡಲೇ ಕೀ ಕಿತ್ಕೊಂಡು, ಇನ್ಮೇಲೆ ನನ್ನ ಕಾರು ಮುಟ್ಟಬೇಡಿ, ಬೇರೆ ಸ್ಕೂಲು ನೋಡ್ಕೊಳ್ಳಿ ಅಂದೆ. ಏನೇನೋ ಅಂದೆ. ಪಾಪ, ಅಳ್ತಾ ನಡ್ಕೊಂಡು ಹೋದ್ಲು. ನಾನೇನೂ ಮಾತು ಕಡಿಮೆ ಮಾಡಲಿಲ್ಲ ಅಕ್ಕ. ಆ ಎರಡು ಏಟಿಗಿಂತ ಜೋರಾಗೇ ಬಿಟ್ಟೆ.”

ಅವರು ಪ್ಯಾಂಟಿನ ಜೇಬಿನಿಂದ ಫೋನು ತೆಗೆದು, ಮೂರು ದಿನದ ಮೇಲೆ ಮೊದಲ ಸಲ ಆನ್ ಮಾಡಿದರು. ಅದು ಒಂದೇ ಸಮನೆ ಗುಂಯ್‌ಗುಡುತ್ತ, ಬಂದ ಸಂದೇಶಗಳ ಭಾರಕ್ಕೆ ಮೇಜಿನ ಮೇಲೆ ತಾನೇ ಜರುಗಿತು. ಅದೆಲ್ಲವನ್ನೂ ದಾಟಿ ನರ್ಸಮ್ಮನ ನಂಬರು ಒತ್ತಿ, ಟೈಲರಕ್ಕನ ಕೈಗೆ ಕೊಟ್ಟು, “ನೀವೇ ಹೇಳಿ. ನನ್ನ ಬಾಯಲ್ಲಿ ಬರಲ್ಲ,” ಎಂದರು.

“ಮೇಷ್ಟ್ರೇ?” ಎಂದಿತು ಆ ಕಡೆಯ ಸಣ್ಣ ದನಿ, ಬೈಗುಳಕ್ಕೆ ತಯಾರಾಗಿ.

“ಮೇಷ್ಟ್ರಲ್ಲ ಕಣಮ್ಮ, ನಾನು ಟೈಲರು.” ಅವಳು ಒಂದೇ ಉಸಿರಿಗೆ ಹೇಳಿದಳು: ಕೂಗಿದ್ದು ತಾನು, ಮೇಷ್ಟ್ರು ಅದು ಅವಳ ದನಿಯೆಂದು ತಪ್ಪು ತಿಳಿದರು, ಈಗ ಎದುರಿಗೇ ಕೂತು ತಲೆ ತಗ್ಗಿಸಿದ್ದಾರೆ. ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ನರ್ಸಮ್ಮ, “ನಾನು ಮೇಜಿಗೆ ಗುದ್ದಿದ್ದಕ್ಕೆ ಬೈದ್ರು ಅಂದುಕೊಂಡಿದ್ದೆ,” ಎಂದಳು. “ಗುದ್ದಿದ ತಕ್ಷಣ ಕಣ್ಣು ಮುಚ್ಕೊಂಡುಬಿಟ್ಟೆ. ಆಸ್ಪತ್ರೇಲಿ ಎಂಥೆಂಥದ್ದೋ ನೋಡ್ತೀನಿ, ಅಲ್ಲಿ ಕಣ್ಣು ಬಿಡೋಕೇ ಆಗಲಿಲ್ಲ. ಮೇಷ್ಟ್ರು ಇಳಿದ್ರಾ? ನಿಜವಾಗ್ಲೂ ಏನಾಯ್ತು, ಯಾರೂ ಹೇಳ್ತಿಲ್ಲ. ನೀವು ನೋಡಿದ್ರಲ್ಲ, ಹೇಳಿ.”

ಮೇಷ್ಟ್ರು ಕೈ ಚಾಚಿ ಸ್ಪೀಕರ್ ಒತ್ತಿದರು. ಮತ್ತೆ ಕೇಳಬೇಕೆಂಬ ಆಸೆ ಅವರ ಮುಖದಲ್ಲಿ ಮುಚ್ಚಿಟ್ಟರೂ ನಿಲ್ಲುತ್ತಿರಲಿಲ್ಲ. ಟೈಲರಕ್ಕನಿಗೂ ಗಂಟಲವರೆಗೆ ಬಂದಿತ್ತು ಆ ಹಾಳು ಹುರುಪು. ಈ ಸಲ ಇನ್ನೂ ಚೆನ್ನಾಗಿ ಹೇಳಬಲ್ಲೆ ಎಂದು ನಾಲಿಗೆ ತುದಿಗಾಲಲ್ಲಿತ್ತು. ಡ್ರಾಯರಿನ ಹಿಡಿಗೆ ಕೈ ಹೋಯಿತು. ಕೈಯನ್ನು ಅಲ್ಲಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

“ಮೇಷ್ಟ್ರಿಗೆ ಹೇಳೋವಾಗ ಮೊದಲಿನದು ಸ್ವಲ್ಪ ಬಿಟ್ಟೆ,” ಎಂದಳು. “ಕಾರು ಹಿಂದಕ್ಕೆ ಬರೋದು ನನಗೆ ಕಾಣ್ತಿತ್ತು ನರ್ಸಮ್ಮ. ಬೀಗದವನು ಬೆನ್ನು ಹಾಕಿ ನಿಂತಿದ್ದ. ಹತ್ತು ಅಡಿ ಇತ್ತು. ಐದು ಅಡಿ ಇತ್ತು. ‘ನಿಲ್ಲಿಸಿ’ ಅಂತ ಒಂದು ಮಾತು ಕೂಗಿದ್ರೆ ಸಾಕಿತ್ತು. ಗುದ್ದುತ್ತೋ ಇಲ್ವೋ ನೋಡೋಣ ಅಂತ ನಾನು ಬಾಯಿ ಮುಚ್ಕೊಂಡು ನಿಂತಿದ್ದೆ.”

ಮೇಷ್ಟ್ರು ಗುಂಡಿ ಜೋಡಿಸುತ್ತಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಹೆದರಿದ ಕಲಿಕೆಯವರನ್ನು ಚೌಕ ದಾಟಿಸುವಾಗ ಮಾತಾಡುವ ದನಿಯಲ್ಲಿ, ಅವಳ ಮುಖ ನೋಡದೆ, “ನಿಲ್ಲಿಸಬೇಡಿ,” ಎಂದರು. “ನಿಧಾನಕ್ಕೆ, ಮುಂದಕ್ಕೆ.”